ಕಾರಿಗೆ ಬಿಟ್ಟುಕೊಟ್ಟ ನಡುಮನೆ

ಜಯನಗರದ ನಮ್ಮ ಬೀದಿಯ ಎದುರು ಮನೆ ನೆಲಸಮವಾಗಲು ಎರಡೂವರೆ ದಿನ ಸಾಕಾಯಿತು. ಮೊದಲ ದಿನ ಹಳೇ ಸಾಮಾನಿನವರು ಬಂದರು. ತೇಗದ ಬಾಗಿಲು, ಕಿಟಕಿಯ ಸರಳು, ಹಿತ್ತಾಳೆಯ ಚಿಲಕ, ಬಚ್ಚಲ ಮೇಲಿನ ಮಂಗಳೂರು ಹೆಂಚು ಎಲ್ಲವನ್ನೂ ಬಿಡಿಸಿ ಲಗೇಜ್ ಆಟೋಗೆ ಹೇರಿಕೊಂಡು ಹೋದರು. ಎರಡನೇ ದಿನ ಜೆಸಿಬಿ ಬಂತು. ಒಂದು ಸಲ ತಟ್ಟಿದ್ದಕ್ಕೆ ಸಜ್ಜಾ ಬಿತ್ತು, ಇನ್ನೊಂದು ಸಲಕ್ಕೆ ದೇವರಮನೆಯ ಗೋಡೆ. ಗೋಡೆಯ ಮೇಲೆ ಕುಂಕುಮದ ಬೆರಳು ಒರೆಸಿದ ಗುರುತು ಹಾಗೇ ಇತ್ತು. ಐವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಂತಾಗಿದ್ದ ರೆಡ್ ಆಕ್ಸೈಡ್ ನೆಲ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದಕ್ಕೆ ಬ್ರೇಕರ್ ತಂದರು. ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ತುಳಸಿಕಟ್ಟೆ, ಸಂಪಿಗೆ ಮರ, ಬಟ್ಟೆ ಒಗೆಯುವ ಕಲ್ಲು, ಎಲ್ಲ ಒಂದೇ ರಾಶಿ.

ಕೆಡವಿದವರ ಮೇಲೆ ನನಗೆ ಕೋಪವಿಲ್ಲ. ಆ ಮನೆಯ ಅಜ್ಜಿ ಹೋದರು, ಮೂವರು ಮಕ್ಕಳಿಗೆ ಪಾಲಾಗಬೇಕು, ಮಳೆ ಬಂದರೆ ನಡುಮನೆಯಲ್ಲಿ ಬಕೆಟ್ ಇಡಬೇಕು. ಹಳೇ ಮನೆ ಅಂದಮೇಲೆ ಒಂದಲ್ಲ ಒಂದು ದಿನ ಬೀಳಲೇಬೇಕು. ನನ್ನ ಸಿಟ್ಟೆಲ್ಲ ಅದರ ಜಾಗದಲ್ಲಿ ಏನು ಏಳುತ್ತಿದೆಯೋ ಅದರ ಮೇಲೆ, ಅದನ್ನು ಹಾಗೇ ಏಳಿಸು ಎಂದು ಕಡ್ಡಾಯ ಮಾಡಿರುವ ಕಾಗದದ ಮೇಲೆ.

ಒಲೆಗಳ ಲೆಕ್ಕ ಹಾಕಿ ನೋಡಿ. ಕೆಡವಿದ ಮನೆಯದು ನಲವತ್ತು-ಅರವತ್ತರ ಸೈಟು. ಮುಂದೆ ಮನೆಯವರು, ಮಹಡಿಯ ಮೇಲೆ ಬ್ಯಾಂಕಿನ ಕುಟುಂಬವೊಂದು, ಹಿಂದುಗಡೆ ಎರಡು ಔಟ್‌ಹೌಸ್. ಒಂದರಲ್ಲಿ ರವಿಕೆ ಹೊಲಿಯುವ ಹೆಂಗಸು ಮತ್ತು ಅವರ ಮಗಳು, ಇನ್ನೊಂದರಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರ ಸಂಸಾರ. ನಾಲ್ಕು ಒಲೆ, ಒಂದು ಕಾರು, ಎರಡು ಸ್ಕೂಟರ್, ಒಂದು ಸೈಕಲ್. ಈಗ ಮೇಲೇಳುತ್ತಿರುವುದು ಕೆಳಗೆ ಕಾರಿಗೆಂದು ಬರೀ ಕಂಬಗಳ ಮೇಲೆ ತೆರೆದಿಟ್ಟ ಸ್ಟಿಲ್ಟ್, ಮೇಲೆ ನಾಲ್ಕು ಮಹಡಿ. ಮಹಡಿಗೊಂದೇ ಮನೆ. ಅಂದರೆ ಈಗಲೂ ನಾಲ್ಕೇ ಒಲೆ. ಕಟ್ಟಡ ಎರಡೂವರೆ ಪಟ್ಟು ಬೆಳೆದಿದೆ, ಒಲೆ ಒಂದೂ ಹೆಚ್ಚಿಲ್ಲ. ಹೆಚ್ಚಿರುವುದು ಕಾರಿನ ಜಾಗ: ಮನೆಗೆರಡರಂತೆ, ಒಂದರ ಹಿಂದೊಂದು. ಅಜ್ಜಿ ಕೂತು ಹೂ ಕಟ್ಟುತ್ತಿದ್ದ ನಡುಮನೆ ಇದ್ದ ಜಾಗದಲ್ಲಿ ನಾಳೆ ಯಾರದೋ ಕಾರಿನ ಟಯರು ನಿಲ್ಲುತ್ತದೆ. ರವಿಕೆ ಹೊಲಿಯುವವರು ಕೋಣನಕುಂಟೆ ಕ್ರಾಸಿನಿಂದಾಚೆ ಮನೆ ಹಿಡಿದಿದ್ದಾರೆ. ಗಿರಾಕಿಗಳೆಲ್ಲ ಇಲ್ಲೇ ಇರುವುದರಿಂದ ವಾರಕ್ಕೆರಡು ಸಲ ಬಟ್ಟೆಯ ಚೀಲ ಹೊತ್ತು ಬಸ್ಸಿನಲ್ಲಿ ಬರುತ್ತಾರೆ.

ಹಿಂದುಗಡೆ ಎರಡು ಸಣ್ಣ ಮನೆ ಯಾಕೆ ಬಿಡಲಿಲ್ಲ ಎಂದು ಅಲ್ಲಿಯ ಇಂಜಿನಿಯರನ್ನು ಕೇಳಿದೆ. ಆತ ನನ್ನನ್ನು ಎಳೇ ಮಗುವನ್ನು ನೋಡುವಂತೆ ನೋಡಿದ. "ಸಾರ್, ಒಂದು ಮನೆ ಜಾಸ್ತಿ ಮಾಡಿದ್ರೆ ಅದಕ್ಕೂ ಪಾರ್ಕಿಂಗ್ ತೋರಿಸ್ಬೇಕು. ಎಲ್ಲಿ ಕೂರುತ್ತೆ?"

ತೋರಿಸಬೇಕು. ಈ ಒಂದು ಕ್ರಿಯಾಪದದಲ್ಲಿ ಬೆಂಗಳೂರಿನ ಅರ್ಧ ಕಥೆ ಇದೆ.

2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆ 2015ರ ವಲಯ ನಿಯಮಾವಳಿಯನ್ನು ತೆರೆದು ನೋಡಿ. ಕಾರಿನ ಜಾಗಕ್ಕೆ ಅಲ್ಲಿ ಅಳತೆ ಕೊಟ್ಟಿದ್ದಾರೆ: ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ. ಅಪಾರ್ಟ್‌ಮೆಂಟ್ ಆದರೆ ಮನೆಯ ಲೆಕ್ಕದಲ್ಲಿ ಕಾರಿನ ಜಾಗ ಬಿಡಬೇಕು, ಮನೆ ದೊಡ್ಡದಾದಂತೆ ಜಾಗವೂ ಹೆಚ್ಚಬೇಕು, ಅದರ ಮೇಲೆ ನೆಂಟರಿಷ್ಟರ ಕಾರಿಗೆಂದು ಶೇ. 10 ಬೇರೆ. ಹೀಗೆ ಬಿಟ್ಟ ಸ್ಟಿಲ್ಟ್, ಸೈಟಿನಲ್ಲಿ ಎಷ್ಟು ಕಟ್ಟಬಹುದೆಂದು ಹೇಳುವ ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲ. ಮನುಷ್ಯ ಮಲಗುವ ಒಂದೊಂದು ಅಡಿಯನ್ನೂ ಅಳೆದು ಲೆಕ್ಕಕ್ಕೆ ಹಿಡಿಯುವ ಸರ್ಕಾರ ಕಾರು ಮಲಗುವ ಜಾಗವನ್ನು ಮಾಫಿ ಮಾಡಿದೆ. ಅಂದಹಾಗೆ ಆ ಮಹಾಯೋಜನೆಯ ಆಯಸ್ಸು ಅದರ ಹೆಸರಿನಲ್ಲೇ ಇದೆ. 2031ರ ಕರಡೊಂದು 2017ರಲ್ಲಿ ಹೊರಬಂದು, ಗದ್ದಲವಾಗಿ, ವಾಪಸಾಯಿತು. ಅವಧಿ ಮುಗಿದು ಹತ್ತು ವರ್ಷವಾದರೂ ನಮ್ಮ ಮನೆಗಳ ಹಣೆಬರಹ ಬರೆಯುತ್ತಿರುವುದು ಅದೇ ಹಳೇ ಪುಸ್ತಕ.

ಎರಡೂವರೆಯನ್ನು ಐದೂವರೆಯಿಂದ ಗುಣಿಸಿದರೆ 13.75 ಚದರ ಮೀಟರ್. ಅಂದರೆ 148 ಚದರಡಿ. ಹತ್ತು-ಹದಿನೈದರ ಕೋಣೆಗಿಂತ ಎರಡೇ ಚದರಡಿ ಕಡಿಮೆ. ಕಾರು ಒಳಗೆ ಬಂದು, ತಿರುಗಿ, ರಿವರ್ಸ್ ತೆಗೆಯುವ ದಾರಿಯನ್ನೂ ಸೇರಿಸಿದರೆ ಹತ್ತಿರ ಹತ್ತಿರ ಅದರ ಇಮ್ಮಡಿ. ಚದರದ ಲೆಕ್ಕದಲ್ಲಿ ಮಾತಾಡುವ ಬೆಂಗಳೂರಿನ ಹಳಬರಿಗೆ ಹೇಳುವುದಾದರೆ, ಒಂದು ಕಾರು ಎರಡೂವರೆ ಮೂರು ಚದರ ನುಂಗುತ್ತದೆ.

ವಠಾರದ ಒಂದು ಮನೆ ಅಷ್ಟೇ ಇರುತ್ತಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಬಾಗಿಲಾಚೆ ಒಂದು ಜಗಲಿ. ವಠಾರ ಸ್ವರ್ಗವಾಗಿತ್ತು ಅಂತ ನಾನು ಹೇಳುವುದಿಲ್ಲ. ಬೆಳಗಿನ ಜಾವ ಕಕ್ಕಸಿನ ಮುಂದೆ ಸಾಲಿನಲ್ಲಿ ನಿಂತವರಿಗೆ, ಕಾರ್ಪೊರೇಷನ್ ನಲ್ಲಿ ಬಿಡುವ ಹೊತ್ತಿಗೆ ಕೊಡಪಾನದ ಸರದಿಗಾಗಿ ಜಗಳವಾಡಿದವರಿಗೆ, ಮಗುವಿಗೆ ಜ್ವರವಿದ್ದಾಗ ಪಕ್ಕದ ಮನೆಯ ರೇಡಿಯೋ ಸಹಿಸಿದವರಿಗೆ ಅದು ಸ್ವರ್ಗವಾಗಿರಲಿಲ್ಲ. ಆದರೆ ಹಾಸನದಿಂದಲೋ ಕೋಲಾರದಿಂದಲೋ ಒಂದು ಟ್ರಂಕು ಹಿಡಿದು ಬಂದ ಗುಮಾಸ್ತನಿಗೆ, ಪ್ರೆಸ್ಸಿನ ಮೊಳೆ ಜೋಡಿಸುವವನಿಗೆ, ನರ್ಸಿಂಗ್ ಓದಲು ಬಂದ ಹುಡುಗಿಯ ತಾಯಿಗೆ ಈ ಊರು ಮೊದಲು ಕೊಟ್ಟ ಬಾಗಿಲು ಅದೇ. ಅದರಿಂದ ಔಟ್‌ಹೌಸ್, ಔಟ್‌ಹೌಸಿನಿಂದ ಮಹಡಿ ಮನೆ, ಆಮೇಲೆ ಪುಣ್ಯವಿದ್ದರೆ ಬಿಡಿಎ ಸೈಟು. ಇವತ್ತು ಯಡಿಯೂರಿನಲ್ಲಾಗಲಿ, ಬೈರಸಂದ್ರದಲ್ಲಾಗಲಿ, ಸಾರಕ್ಕಿಯಲ್ಲಾಗಲಿ ಹಳೇ ವಠಾರವೊಂದನ್ನು ಕೆಡವಿ, ಅದೇ ಜಾಗದಲ್ಲಿ ಹತ್ತು ಸಣ್ಣ ಮನೆಗಳನ್ನು, ನಲ್ಲಿ-ಕಕ್ಕಸು ಮನೆಗೊಂದೊಂದರಂತೆ ಕೊಟ್ಟು ಅಚ್ಚುಕಟ್ಟಾಗಿ ಕಟ್ಟುತ್ತೇನೆ ಅನ್ನಿ. ನಕ್ಷೆಗೆ ಒಪ್ಪಿಗೆ ಸಿಗುವ ಮೊದಲು ಕಾರುಗಳನ್ನು ತೋರಿಸಿ ಅನ್ನುತ್ತಾರೆ. ಬಾಡಿಗೆಗೆ ಬರುವವರಲ್ಲಿ ಒಬ್ಬರಿಗೂ ಕಾರಿರುವುದಿಲ್ಲ, ಆದರೂ ತೋರಿಸಬೇಕು. ಹೊಸಿಲ ಲೆಕ್ಕದಲ್ಲಿ ಕಾರು ಗಂಟುಬಿದ್ದಾಗ ಕಟ್ಟುವವನು ಏನು ಮಾಡುತ್ತಾನೆ? ಹೊಸಿಲು ಕಡಿಮೆ ಮಾಡುತ್ತಾನೆ. ಹತ್ತು ಮನೆಯ ಜಾಗದಲ್ಲಿ ಮೂರು ಮನೆ, ಮೂರಕ್ಕೂ ಎರಡೆರಡು ಬಾಲ್ಕನಿ, ಬಾಡಿಗೆ ಕೇಳಿದರೆ ತಲೆ ತಿರುಗಬೇಕು. ಸಣ್ಣ ಮನೆಯ ಮೇಲೆ ಯಾರೂ ನಿಷೇಧ ಹೇರಿಲ್ಲ. ಕಾರಿನ ಹೆಸರು ಹೇಳಿ ಸದ್ದಿಲ್ಲದೆ ಕತ್ತು ಹಿಸುಕಿದ್ದಾರೆ.

ಕಾರಿನ ದಟ್ಟಣೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ನಕ್ಷೆ ಈ ಜಯನಗರದ್ದು. 1948ರಲ್ಲಿ ರಾಜಾಜಿ ಬಂದು ಬಡಾವಣೆಗೆ ಅಡಿಗಲ್ಲು ಹಾಕಿದರು. ಅದರ ನೆನಪಿಗೆ ಅಶೋಕ ಸ್ತಂಭ ಈಗಲೂ ನಿಂತಿದೆ, ಸುತ್ತ ಹಾರನ್ನು ಕೇಳಿಸಿಕೊಳ್ಳುತ್ತಾ. ಅಂದಿನ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಸೈಟು ಹಂಚಿದಾಗ ಪಡೆದವರಲ್ಲಿ ಬಹಳಷ್ಟು ಮಂದಿ ಸೈಕಲ್ ತುಳಿದು ಕಚೇರಿಗೆ ಹೋಗುತ್ತಿದ್ದವರು. ಬ್ಲಾಕಿಗೊಂದು ಪಾರ್ಕು, ನಡೆದು ಹೋಗುವಷ್ಟು ಹತ್ತಿರ ಶಾಲೆ, ನಾಲ್ಕನೇ ಬ್ಲಾಕಿನಲ್ಲಿ ಕಾಂಪ್ಲೆಕ್ಸು, ಕಾಂಪ್ಲೆಕ್ಸಿನಲ್ಲೇ ಪುಟ್ಟಣ್ಣ ಚಿತ್ರಮಂದಿರ. ಆ ಚಿತ್ರಮಂದಿರವನ್ನೂ ಕೆಡವಿ ಆಯಿತು. ನಾವು ಜಂಬದಿಂದ ತೋರಿಸುವ ಸಾಲುಮರದ ರಸ್ತೆಗಳು, ಮುಂಗಟ್ಟಿನ ಮನೆಗಳು, ಸಂಜೆ ಗೇಟಿಗೆ ಒರಗಿ ಮಾತಾಡುವ ಹಿರಿಯರು, ಇವೆಲ್ಲ ಮನೆಯೊಳಗೆ ಕಾರು ನುಗ್ಗದಿದ್ದ ಕಾಲದ ಗಳಿಕೆ. ಆ ಜಯನಗರವನ್ನೇ ಇವತ್ತು ಒಂದು ಸೈಟಿನ ಮೇಲೆ ಹೊಸದಾಗಿ ಕಟ್ಟಲು ಹೋಗಿ, ನಕ್ಷೆ ಪಾಸಾಗುವುದಿಲ್ಲ.

ಸರಿ, ಇಷ್ಟೆಲ್ಲ ಕಳೆದುಕೊಂಡದ್ದಕ್ಕೆ ಬೀದಿಯಾದರೂ ಖಾಲಿಯಾಯಿತೇ? ರಾತ್ರಿ ಊಟವಾದ ಮೇಲೆ ಬನಶಂಕರಿ ಎರಡನೇ ಹಂತದಲ್ಲೋ ಜೆ.ಪಿ. ನಗರದ ಒಳರಸ್ತೆಗಳಲ್ಲೋ ಒಂದು ಸುತ್ತು ಹಾಕಿ ಬನ್ನಿ. ಎರಡೂ ಬದಿಗೆ ಕಾರು, ನಡುವೆ ಒಂದು ಆಟೋ ನುಸುಳುವಷ್ಟು ಸಂದು. ಆಂಬುಲೆನ್ಸ್ ಬಂದರೆ ದೇವರೇ ಗತಿ. ಹಾಗೇ ಸ್ಟಿಲ್ಟುಗಳ ಒಳಗೂ ಇಣುಕಿ. ಒಂದರಲ್ಲಿ ಮಿಕ್ಕಿದ ಸಿಮೆಂಟು ಮೂಟೆ, ಟೈಲ್ಸು, ಮುರಿದ ಸೋಫಾ. ಒಂದರಲ್ಲಿ ಆನ್‌ಲೈನ್ ಪಾರ್ಸೆಲ್ಲುಗಳ ರಾಶಿ, ನಡುವೆ ಹುಡುಗರು ಸ್ಕ್ಯಾನರ್ ಹಿಡಿದು ಓಡಾಡುತ್ತಿರುತ್ತಾರೆ. ಇನ್ನೊಂದರಲ್ಲಿ ಶಟರ್ ಎಳೆದು ಟ್ಯೂಷನ್. ಮತ್ತೊಂದರಲ್ಲಿ ಬೆಳ್ಳಿ ಬಣ್ಣದ ಕವರ್ ಹೊದ್ದ ಕಾರೊಂದು. ಮಗ ಅಮೆರಿಕಕ್ಕೆ ಹೋದಂದಿನಿಂದ ಅದು ಆಯುಧಪೂಜೆಗೆ ಮಾತ್ರ ಮುಖ ತೊಳೆದುಕೊಳ್ಳುತ್ತದೆ. ದಿನಾ ಓಡುವ ಕಾರು ಬೀದಿಯಲ್ಲೇ ಇದೆ. ಅದು ಯಾಕೆ ಒಳಗೆ ಹೋಗಬೇಕು? ಒಳಗೆ ಹೋದರೆ ಹಿಂದಿನ ಮನೆಯವರು ಬೆಳಿಗ್ಗೆ ಆರಕ್ಕೆ ಬೆಲ್ ಒತ್ತಿ "ಸ್ವಲ್ಪ ಗಾಡಿ ತೆಗೀತೀರಾ" ಅನ್ನುತ್ತಾರೆ. ಬೀದಿಯಲ್ಲಿ ನಿಲ್ಲಿಸಿದರೆ ಕೇಳುವವರಿಲ್ಲ, ಕಾಸೂ ಇಲ್ಲ.

ಇದಕ್ಕಿಂತ ದೊಡ್ಡ ಮೋಸ ಗೇಟಿನದು. ಮೂವತ್ತು-ನಲವತ್ತರ ಸೈಟಿಗೆ ಬೀದಿಯ ಕಡೆ ಇರುವುದೇ ಮೂವತ್ತಡಿ. ಹಿಂದೆ ಅದರಲ್ಲಿ ಮೂರೂವರೆ ಅಡಿಯ ಒಂದು ಗೇಟು, ಉಳಿದದ್ದು ಕಾಂಪೌಂಡು, ಅದರ ಮೇಲೆ ಮಲ್ಲಿಗೆ ಬಳ್ಳಿ. ಕಾಂಪೌಂಡಿನ ಹೊರಗೆ ಯಾರ ಗಾಡಿ ಬೇಕಾದರೂ ನಿಲ್ಲಬಹುದಿತ್ತು. ಹೊಸ ಕಟ್ಟಡಕ್ಕೆ ಕಾರು ಒಳಗೆ ನುಗ್ಗಬೇಕಲ್ಲ, ಮುಂಭಾಗ ಅರ್ಧಕ್ಕರ್ಧ ಗೇಟು. ಗೇಟಿನಿಂದ ರಸ್ತೆಗೆ ರ‍್ಯಾಂಪು. ರ‍್ಯಾಂಪು ಫುಟ್‌ಪಾತನ್ನು ಮುರಿದು, ಚರಂಡಿಯ ಬಾಯಿ ಮುಚ್ಚಿ, ಡಾಂಬರಿನ ಮೇಲೆ ನಾಲಿಗೆ ಚಾಚಿ ಮಲಗಿದೆ. ಗೇಟಿಗೆ ಬೋರ್ಡು: "ಗೇಟ್ ಮುಂದೆ ವಾಹನ ನಿಲ್ಲಿಸಬಾರದು, ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು." ಬೋರ್ಡು ಸಾಲದೆಂದು ಪೇಂಟ್ ಡಬ್ಬಕ್ಕೆ ಸಿಮೆಂಟು ತುಂಬಿ ನಡುವೆ ಪೈಪು ನೆಟ್ಟು ರಸ್ತೆಯಲ್ಲಿ ಇಟ್ಟಿರುತ್ತಾರೆ. ಮನೆಯೊಳಗೆ ಒಂದು ಕಾರಿಗೆ ಜಾಗ ಮಾಡಿದ್ದೇವೆ ಎಂದು ಕಾಗದ ಹೇಳುತ್ತದೆ. ಅದಕ್ಕಾಗಿ ಬೀದಿಯಲ್ಲಿ ಎಲ್ಲರಿಗೂ ಸೇರಿದ್ದ ಒಂದು ಕಾರಿನ ಜಾಗ ಹೋಯಿತು ಅನ್ನುವುದನ್ನು ಯಾವ ಕಾಗದವೂ ಹೇಳುವುದಿಲ್ಲ. ಕೂಡಿದ್ದೂ ಒಂದು, ಕಳೆದದ್ದೂ ಒಂದು. ಫುಟ್‌ಪಾತು ಮಾತ್ರ ಖಂಡಿತವಾಗಿ ಸತ್ತಿದೆ. ಕೋಲು ಹಿಡಿದ ಅಜ್ಜ ಮೂವತ್ತಡಿಗೊಮ್ಮೆ ಏರಿ, ಮೂವತ್ತಡಿಗೊಮ್ಮೆ ಇಳಿದು, ಕೊನೆಗೆ ಸಾಕಪ್ಪ ಎಂದು ರಸ್ತೆಗೇ ಇಳಿಯುತ್ತಾನೆ.

ವಾಸ್ತುವಿನವರು ಕೂಡ ಹಿಂದೆ ಬಿದ್ದಿಲ್ಲ. ಅಡುಗೆಮನೆ ಆಗ್ನೇಯ, ಸಂಪು ಈಶಾನ್ಯ, ಕಾರು ವಾಯವ್ಯ. ಯಾವ ಋಷಿ ಯಾವ ಮಾಡೆಲ್ ನೋಡಿ ಹೇಳಿದನೋ.

ಸ್ಟಿಲ್ಟಿನ ಮೂಲೆಯಲ್ಲಿ, ಮೀಟರ್ ಬೋರ್ಡಿನ ಪಕ್ಕದಲ್ಲಿ, ಮೆಟ್ಟಿಲ ಕೆಳಗೆ ಒಂದು ಕೋಣೆ ಇರುತ್ತದೆ, ಗಮನಿಸಿದ್ದೀರಾ? ನಮ್ಮ ಪಕ್ಕದ ಕಟ್ಟಡದ್ದನ್ನು ನಾನು ಒಳಗೆ ಹೋಗಿ ನೋಡಿದ್ದೇನೆ. ಹತ್ತಡಿ ಉದ್ದ, ಏಳಡಿ ಅಗಲ. ಕಿಟಕಿ ಇಲ್ಲ, ಬಾಗಿಲ ಮೇಲೆ ಜಾಲರಿ. ಕೈಯೆತ್ತಿದರೆ ತಾರಸಿ ಸಿಗುತ್ತದೆ. ಯಾದಗಿರಿ ಕಡೆಯಿಂದ ಬಂದ ಗಂಡ, ಹೆಂಡತಿ, ಎರಡು ಮಕ್ಕಳು. ಒಂದು ಗ್ಯಾಸ್ ಸ್ಟೌ, ಮೊಳೆಗೆ ನೇತುಹಾಕಿದ ಶಾಲೆ ಬ್ಯಾಗು, ಮೇಲೆ ಪೈಪಿನಲ್ಲಿ ಯಾರೋ ಸ್ನಾನ ಮಾಡಿದ ನೀರು ಹರಿಯುವ ಸದ್ದು. ಬೆಳಿಗ್ಗೆ ಎಂಜಿನ್ ಬಿಸಿ ಮಾಡುವ ಹೊಗೆ ನೇರ ಆ ಜಾಲರಿಯೊಳಗೆ. ಹೆಂಗಸು ನಗುತ್ತಾ ಹೇಳಿದರು: "ಚಳಿಗಾಲದಾಗ ಬೆಚ್ಚಗಿರ್ತದ್ರಿ." ಕಾರಿಗೆ 148 ಚದರಡಿ ಇಲ್ಲದಿದ್ದರೆ ನಕ್ಷೆ ಪಾಸಾಗದ ಊರಿನಲ್ಲಿ ನಾಲ್ಕು ಜೀವಗಳಿಗೆ 70 ಚದರಡಿ. ನಕ್ಷೆಯಲ್ಲಿ ಆ ಕೋಣೆಗೆ ಏನೆಂದು ಬರೆದಿರುತ್ತಾರೋ, ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಬಿ.ಟಿ.ಎಂ. ಲೇಔಟಿಗೆ ಹೋದರೆ ಕಥೆಗೆ ಇನ್ನೊಂದು ಮಗ್ಗುಲು. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಸೇರಿ ಮೂರಕ್ಷರವಾದ ಆ ಬಡಾವಣೆಯಲ್ಲಿ ಪಿಜಿಗಳದ್ದೇ ರಾಜ್ಯ. ನಕ್ಷೆಯಲ್ಲಿ ಸ್ಟಿಲ್ಟ್ ಎಂದಿದ್ದಲ್ಲಿ ಗೋಡೆ ಕಟ್ಟಿ ಊಟದ ಹಾಲ್ ಮಾಡಿದ್ದಾರೆ, ನಾಲ್ಕರ ಮೇಲೆ ಐದು, ಐದರ ಮೇಲೆ ತಗಡಿನ ಶೆಡ್ಡು. ಎಲ್ಲ ಉಲ್ಲಂಘನೆಯೇ. ಆದರೆ ಮೊದಲ ಸಂಬಳ ಎಣಿಸುವ ಹುಡುಗ ಹುಡುಗಿಯರಿಗೆ ಈ ನಗರದಲ್ಲಿ ಕೈಗೆಟುಕುವ ಸೂರು ಕೊಟ್ಟಿರುವುದು ಆ ಉಲ್ಲಂಘನೆಯೇ, ನಿಯಮವಲ್ಲ. ಅಲ್ಲಿ ಬೆಂಕಿ ಬಿದ್ದರೆ ಓಡಲು ದಾರಿಯಿಲ್ಲ, ಗಾಳಿ ಬೆಳಕಿಲ್ಲ. ಅದನ್ನು ಅಳೆಯುವ ಟೇಪು ಯಾರ ಹತ್ತಿರವೂ ಇದ್ದಂತಿಲ್ಲ. ಕಾನೂನು ಗಾಳಿ ಬೆಳಕಿನ ವಿಷಯದಲ್ಲಿ ಬಿಗಿಯಾಗಿದ್ದು ಕಾರಿನ ವಿಷಯದಲ್ಲಿ ಸಡಿಲವಾಗಿದ್ದಿದ್ದರೆ ಅದೇ ಮಕ್ಕಳು ನ್ಯಾಯವಾಗಿ ಕಟ್ಟಿದ ಸಣ್ಣ ಕೋಣೆಗಳಲ್ಲಿ ಇರುತ್ತಿದ್ದರು.

ಅಂಗಡಿಬೀದಿಗಳ ವಿಷಯ ಹೇಳಿ ಪ್ರಯೋಜನವಿಲ್ಲ. ಐವತ್ತು ಚದರ ಮೀಟರ್ ಅಂಗಡಿಗೆ ಒಂದು ಕಾರು ಎಂದು ಬೇಸ್‌ಮೆಂಟ್ ಅಗೆಯುವುದು, ಅಗೆದ ಬೇಸ್‌ಮೆಂಟಿನಲ್ಲಿ ಸೀರೆ ಅಂಗಡಿ ಇಡುವುದು, ಅಧಿಕಾರಿಗಳು ಆಗಾಗ ಬಂದು ಬೀಗ ಜಡಿಯುವುದು, ಬೀಗ ತಾನಾಗಿ ಕಳಚುವುದು. ಇಂಥವನ್ನೆಲ್ಲ ದಂಡ ಕಟ್ಟಿಸಿಕೊಂಡು ಸಾಚಾ ಮಾಡಲೆಂದೇ ಅಕ್ರಮ-ಸಕ್ರಮ ಬಂತು. ವಸತಿ ಕಟ್ಟಡವಾದರೆ ಶೇ. 50, ವಾಣಿಜ್ಯವಾದರೆ ಶೇ. 25ರವರೆಗಿನ ಉಲ್ಲಂಘನೆಗೆ ಮಾಫಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅರ್ಧದಷ್ಟು ಉಲ್ಲಂಘನೆಯನ್ನು ಮನ್ನಿಸಲು ಸರ್ಕಾರವೇ ಕಾನೂನು ತರಬೇಕಾಗಿ ಬಂದರೆ ಕೆಟ್ಟದ್ದು ಜನವೋ ನಿಯಮವೋ ಎಂದು ಒಬ್ಬರಾದರೂ ಕೇಳಬೇಡವೇ?

ಬೇಸ್‌ಮೆಂಟು ಎಂದಾಗ ಒಂದು ಸಂಗತಿ ನುಂಗಲಾಗುವುದಿಲ್ಲ. 2025ರ ಮೇ ತಿಂಗಳಲ್ಲಿ ಒಂದು ರಾತ್ರಿ ಸುರಿದ ಮಳೆಗೆ ಬಿ.ಟಿ.ಎಂ. ಎರಡನೇ ಹಂತದ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಗೆ ನೀರು ನುಗ್ಗಿತು. ನೀರು ಹೊರಹಾಕಲು ಮೋಟಾರ್ ಇಟ್ಟರು. ವಿದ್ಯುತ್ ಹರಿದು ಅಲ್ಲಿಯ ಹಿರಿಯ ನಿವಾಸಿಯೊಬ್ಬರೂ, ಅಲ್ಲೇ ದುಡಿಯುತ್ತಿದ್ದವರ ಮಗನೊಬ್ಬನೂ ಸತ್ತರು. ಚಿಕ್ಕ ಹುಡುಗ. ಕೆರೆಗಳ ಮಡಿಲಲ್ಲಿ, ರಾಜಕಾಲುವೆಯ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ಗುಂಡಿ ತೋಡಿ ಅದರೊಳಗೆ ಕಾರು ಇಡಿ ಎಂದು ಹೇಳುವ ನಗರ ಇದು. ಮಳೆ ಬಂದಾಗಲೆಲ್ಲ ಯಾರೋ ಲುಂಗಿ ಎತ್ತಿ ಕಟ್ಟಿ ಆ ಗುಂಡಿಗೆ ಇಳಿಯಬೇಕು. ಇನ್ನೊಂದು ಕಡೆ, ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿ ಮಳೆನೀರು ಕೊಯ್ಲಿಗೆಂದೇ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಉದ್ಯಾನ ಮಾಡಿ ನೀರು ಇಂಗಿಸಿ ಎಂದು ಪಾಠ ಹೇಳುತ್ತದೆ. ಎಲ್ಲಿ ಇಂಗಿಸಬೇಕು? ಹಿತ್ತಲಿದ್ದ ಕಡೆ, ಬಾಳೆ ಗಿಡವಿದ್ದ ಕಡೆ, ಪಾತ್ರೆ ತೊಳೆದ ನೀರು ಹೋಗುತ್ತಿದ್ದ ಕಡೆ ಕಾರಿಗೆಂದು ಇಂಟರ್‌ಲಾಕ್ ಇಟ್ಟಿಗೆ, ಅದರ ಕೆಳಗೆ ಕಾಂಕ್ರೀಟು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕಾದು ಕಣ್ಣು ಬಿಟ್ಟವರು ನಾವೇ.

ಈ ಭಾಗದಲ್ಲಿ ಕಾರಿಲ್ಲದೆ ಬದುಕಲು ಆಗದು ಎಂದರೆ ನಂಬಬಹುದಿತ್ತು. ಆದರೆ 2017ರ ಜೂನ್‌ನಿಂದ ಇಲ್ಲಿ ಮೆಟ್ರೊದ ಹಸಿರು ಮಾರ್ಗ ಓಡುತ್ತಿದೆ: ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್, ಜಯನಗರ, ಆರ್.ವಿ. ರಸ್ತೆ, ಬನಶಂಕರಿ, ಜೆ.ಪಿ. ನಗರ. 2025ರ ಆಗಸ್ಟ್ 11ರಿಂದ ಹಳದಿ ಮಾರ್ಗ: ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ, ಬಿ.ಟಿ.ಎಂ. ದಾಟಿ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್. ಬೆಂಗಳೂರಿನಲ್ಲಿ ಎರಡು ಮೆಟ್ರೊ ಮಾರ್ಗ ಕೂಡುವ ಭಾಗ್ಯ ಎಷ್ಟು ಬಡಾವಣೆಗಿದೆ? ಆ ಭಾಗ್ಯ ಪುಕ್ಕಟೆ ಬಂದದ್ದಲ್ಲ. ಲಕ್ಷ್ಮಣರಾವ್ ಉದ್ಯಾನದ ಮರಗಳಿಗಾಗಿ 2009ರ ಏಪ್ರಿಲ್‌ನಲ್ಲಿ ಇಲ್ಲಿಯ ಜನ ಬೀದಿಗಿಳಿದಿದ್ದರು. ಮರ ಕಡಿದರು. ಕಾರು ಕಡಿಮೆಯಾಗಲು ಮೆಟ್ರೊ ಬೇಕು, ಮೆಟ್ರೊಗೆ ಮರ ಹೋಗಬೇಕು ಎಂದರು. ಒಪ್ಪೋಣ. ಹಾಗಾದರೆ ಅದೇ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಬೀದಿಯಲ್ಲಿ ಏಳುವ ಒಂದೊಂದು ಕಟ್ಟಡವೂ ಮನೆಗೆರಡು ಕಾರಿನ ಗುಹೆ ಹೊತ್ತುಕೊಂಡೇ ಏಳುವುದು ಯಾಕೆ? ಮರ ಹೋದದ್ದು ಮೆಟ್ರೊಗಾಗಿ, ಮನೆ ಹೋದದ್ದು ಕಾರಿಗಾಗಿ. ಎರಡು ಕಡೆಯಿಂದಲೂ ಬೆಲೆ ತೆತ್ತವರು ಈ ಬೀದಿಯವರು.

2025ರಲ್ಲಿ ಸರ್ಕಾರ ಸಣ್ಣ ಸೈಟಿನವರಿಗೆ ಒಂದು ಉಪಕಾರ ಮಾಡಿತು. ಸ್ವಾಧೀನಾನುಭವ ಪತ್ರವಿಲ್ಲದೆ ಕರೆಂಟು ನೀರು ಕೊಡಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹೊಸ ಮನೆಯವರು ಕತ್ತಲಲ್ಲಿ ಕೂತಿದ್ದರು. 1,200 ಚದರಡಿವರೆಗಿನ ಸೈಟಿಗೆ ಆ ಪತ್ರದಿಂದ ವಿನಾಯಿತಿ ಕೊಟ್ಟರು. ಷರತ್ತು ನೋಡಿ: ನೆಲಮಹಡಿಯಲ್ಲಿ ಮನುಷ್ಯರಿದ್ದರೆ ಅದರ ಮೇಲೆ ಎರಡು ಮಹಡಿ. ನೆಲವನ್ನು ಸ್ಟಿಲ್ಟ್ ಮಾಡಿ ಕಾರಿಗೆ ಬಿಟ್ಟರೆ ಮೂರು. ಮೆಟ್ಟಿಲು ಹತ್ತಲಾರದ ಅಪ್ಪ ಅಮ್ಮನಿಗೆ ನೆಲಮಹಡಿಯಲ್ಲೊಂದು ಕೋಣೆ ಕಟ್ಟಿದವನು ಮೇಲೊಂದು ಮಹಡಿಯ ಆಸೆ ಬಿಡಬೇಕು. ಮಂಡಿನೋವಿನ ತಾಯಿಯನ್ನು ಮೇಲಕ್ಕೆ ಹತ್ತಿಸಿ ಕಾರನ್ನು ಕೆಳಗಿಟ್ಟವನು ಹತ್ತಿಸಿಕೊಂಡೇ ಇರಬಹುದು. ಮೂವತ್ತು-ನಲವತ್ತಕ್ಕೆ ಲಿಫ್ಟು ಹಾಕುವವರು ಎಷ್ಟು ಜನ, ಹೇಳಿ.

"ಹಾಗಾದ್ರೆ ಕಾರೆಲ್ಲ ಎಲ್ಲಿಗೆ ಹೋಗ್ಬೇಕು ಸ್ವಾಮಿ?" ಎಂದು ವಾಕಿಂಗ್ ಗೆಳೆಯರು ಮಾಧವನ್ ಪಾರ್ಕಿನಲ್ಲಿ ಮೈಮೇಲೆ ಬಿದ್ದರು. ನ್ಯಾಯವಾದ ಪ್ರಶ್ನೆ. ಊರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ, ಕಾರುಗಳೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ನನ್ನ ಉತ್ತರ ಒರಟು: ಕಾರು ಎಲ್ಲಿ ನಿಲ್ಲಬೇಕು ಅನ್ನುವುದು ಕಾರು ಕೊಂಡವನ ಚಿಂತೆ, ಮನೆ ಕಟ್ಟುವವನದಲ್ಲ, ಬಾಡಿಗೆಗಿರುವವನದಂತೂ ಅಲ್ಲವೇ ಅಲ್ಲ. ಜಪಾನಿನಲ್ಲಿ 1962ರಿಂದ ಕಾನೂನಿದೆ. ಕಾರು ನೋಂದಣಿಗೆ ಹೋದರೆ, ಮನೆಯಿಂದ ಎರಡು ಕಿಲೋಮೀಟರ್ ಒಳಗೆ ನಿಲ್ಲಿಸಲು ಜಾಗವಿದೆಯೆಂದು ಪುರಾವೆ ಕೊಡಬೇಕು. ಅಲ್ಲಿ ಪುರಾವೆ ಕೇಳುವುದು ಕಾರಿನಿಂದ. ನಾವು ಕೇಳುವುದು ಮನೆಯಿಂದ. ಇದೇ ಬುಡಮೇಲು ಲೆಕ್ಕ. ಇಲ್ಲೂ ಹಾಗೆ ಮಾಡುತ್ತೇವೆಂದು ಮಂತ್ರಿಗಳು ಆಗಾಗ ಹೇಳುತ್ತಾರೆ, ಶೋರೂಮಿನವರು ಕೆಮ್ಮಿದರೆ ಸುಮ್ಮನಾಗುತ್ತಾರೆ.

ಹೊಸ ಮನೆಗೆ ಕಾರಿನ ಜಾಗ ಕಡ್ಡಾಯ ಮಾಡುವ ಈ ಬುದ್ಧಿ ನಮ್ಮದೂ ಅಲ್ಲ. ಅಮೆರಿಕದ ಕೊಲಂಬಸ್ ಎಂಬ ಊರು 1923ರಲ್ಲಿ ಅಪಾರ್ಟ್‌ಮೆಂಟುಗಳಿಗೆ ಹಾಕಿದ ಕಟ್ಟಳೆ ಊರೂರು ಸುತ್ತಿ ನಮ್ಮ ಬೈಲಾಗೆ ಬಂದು ಕೂತಿದೆ. ಡೊನಾಲ್ಡ್ ಶೂಪ್ ಎಂಬ ಮೇಷ್ಟ್ರು 2005ರಲ್ಲಿ ಪುಕ್ಕಟೆ ಪಾರ್ಕಿಂಗಿಗೆ ತೆರುವ ಬೆಲೆಯ ಮೇಲೆ ದಪ್ಪ ಪುಸ್ತಕವನ್ನೇ ಬರೆದು ಅದರ ಬಣ್ಣ ಬಯಲು ಮಾಡಿದರು. 2025ರ ಫೆಬ್ರವರಿಯಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ದೇಶದ ಊರುಗಳೇ ಒಂದೊಂದಾಗಿ ಕಡ್ಡಾಯ ಕಿತ್ತುಹಾಕುತ್ತಿದ್ದವು. ಕ್ಯಾಲಿಫೋರ್ನಿಯ 2022ರಲ್ಲಿ ಕಾನೂನು ಮಾಡಿ, ದೊಡ್ಡ ಸಾರಿಗೆ ನಿಲ್ದಾಣಗಳಿಂದ ಅರ್ಧ ಮೈಲಿಯೊಳಗೆ ಇದನ್ನು ಹೇರಬಾರದು ಎಂದಿತು. ಲಂಡನ್ 2004ರಲ್ಲೇ ಕೈಬಿಟ್ಟು, ಇಂತಿಷ್ಟಕ್ಕಿಂತ ಹೆಚ್ಚು ಕಾರಿನ ಜಾಗ ಕಟ್ಟಬಾರದು ಎಂಬ ಉಲ್ಟಾ ನಿಯಮ ತಂದಿತು. ಹೊಸ ಮನೆಗಳ ಪಾರ್ಕಿಂಗ್ ಸುಮಾರು ಶೇ. 40 ಇಳಿಯಿತು. ಅವರು ಬಿಸಾಡಿದ ಅಂಗಿಯನ್ನು ನಾವು ಇನ್ನೂ ಇಸ್ತ್ರಿ ಮಾಡಿ ಹಾಕಿಕೊಳ್ಳುತ್ತಿದ್ದೇವೆ.

ನಮ್ಮಲ್ಲಿ ಬುದ್ಧಿ ಹೇಳುವವರಿಲ್ಲ ಎಂದಲ್ಲ. ನಗರ ಭೂ ಸಾರಿಗೆ ನಿರ್ದೇಶನಾಲಯ ಪಾರ್ಕಿಂಗ್ ನೀತಿ 2.0 ಬರೆಯಿತು, 2021ರ ಹೊತ್ತಿಗೆ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಮನೆ ಮುಂದಿನ ಬೀದಿಯಲ್ಲಿ ಕಾರು ನಿಲ್ಲಿಸುವವರು ವರ್ಷಕ್ಕೊಮ್ಮೆ ಪರ್ಮಿಟ್ ಪಡೆಯಬೇಕು. ಸಣ್ಣ ಕಾರಿಗೆ 1,000 ರೂಪಾಯಿ, ದೊಡ್ಡದಕ್ಕೆ 5,000. ಎಷ್ಟು ಗದ್ದಲ! ಹೊಟ್ಟೆ ಮೇಲೆ ಹೊಡೆದರು, ಮಧ್ಯಮ ವರ್ಗ ಸತ್ತಿತು ಎಂದು ಟಿವಿಯಲ್ಲಿ ಕೂಗಾಟ. 5,000ವನ್ನು 365ರಿಂದ ಭಾಗಿಸಿ. ದಿನಕ್ಕೆ 14 ರೂಪಾಯಿ. ನಾಲ್ಕನೇ ಬ್ಲಾಕಿನಲ್ಲಿ ಆ ದುಡ್ಡಿಗೆ ಒಂದು ಲೋಟ ಕಾಫಿ ಸಿಗುವುದು ಕಷ್ಟ. 148 ಚದರಡಿ ಜಯನಗರದ ನೆಲಕ್ಕೆ ದಿನಕ್ಕೆ 14 ರೂಪಾಯಿ ಬಾಡಿಗೆ ಕೊಡಲಾಗದು ಎಂದು ಎದೆ ಬಡಿದುಕೊಂಡವರೇ ತಮ್ಮ ಔಟ್‌ಹೌಸಿಗೆ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಂಡವರು. ಅವರ ಕೂಗಿಗೆ ಹೆದರಿ ಆ ನೀತಿಯನ್ನು ಬೀದಿಗೆ ಇಳಿಸುವ ಧೈರ್ಯ ಯಾವ ಸರ್ಕಾರವೂ ಮಾಡಲಿಲ್ಲ. ಬೀದಿ ಪುಕ್ಕಟೆ ಇರುವವರೆಗೆ ಯಾವ ಕಾರೂ ಸ್ಟಿಲ್ಟಿನೊಳಗೆ ಹೋಗುವುದಿಲ್ಲ. ಬೀದಿಗೆ ಬೆಲೆ ಕಟ್ಟಲು ಹೆದರುವವರು ಮನೆ ಕೆಡವಿಸಲು ಹೆದರುವುದಿಲ್ಲ.

ಈಗ ಪಾಲಿಕೆ ಒಂದಲ್ಲ, ಐದು. 2025ರ ಸೆಪ್ಟೆಂಬರಿನಿಂದ ದಕ್ಷಿಣಕ್ಕೇ ಒಂದು ನಗರ ಪಾಲಿಕೆ, ತಲೆಯ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಹೊಸ ಮುದ್ರೆ, ಹೊಸ ಲೆಟರ್‌ಹೆಡ್ಡು ಮಾಡಿಸಿಕೊಂಡವರಿಗೆ ಒಂದು ಮಾತು. ಬೋರ್ಡು ಬದಲಾಯಿಸಿದ್ದು ಸಾಕು, ವಲಯ ನಿಯಮಾವಳಿಯ ಆ ಪಾರ್ಕಿಂಗ್ ಕೋಷ್ಟಕವನ್ನು ಬದಲಾಯಿಸಿ. ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಕಾರಿನ ಜಾಗ ಕಡ್ಡಾಯ ಎಂಬ ಸಾಲನ್ನು ಹೊಡೆದುಹಾಕಿ. ಬೇಕಾದವರು ಕಟ್ಟಿಕೊಳ್ಳಲಿ, ಬೇಡವೆಂದವರ ನಡುಮನೆ ಉಳಿಯಲಿ. ಹಿತ್ತಲಿನಲ್ಲಿ ಎರಡು ಸಣ್ಣ ಮನೆ ಕಟ್ಟುತ್ತೇನೆ ಅನ್ನುವವನಿಗೆ ಗಾಳಿ, ಬೆಳಕು, ಬೆಂಕಿಯ ದಾರಿ ಕೇಳಿ, ಕಾರು ಕೇಳಬೇಡಿ. ಬೀದಿಯಲ್ಲಿ ನಿಲ್ಲುವ ಕಾರಿಗೆ ದುಡ್ಡು ಹಾಕಿ, ಆ ದುಡ್ಡಿನಲ್ಲಿ ಅದೇ ಬೀದಿಯ ಫುಟ್‌ಪಾತ್ ಕಟ್ಟಿ. ನನಗೂ ಒಂದು ಹಳೇ ಕಾರಿದೆ. ಮೊದಲ ಚಲನ್ ನನ್ನ ಹೆಸರಿಗೇ ಬರೆಯಿರಿ.

ಎದುರಿನ ಸೈಟಿನಲ್ಲಿ ಈಗ ಕಂಬಗಳು ಎದ್ದಿವೆ. ನಡುಮನೆಯಿದ್ದಲ್ಲಿ ಒಂದು ಕಂಬ, ದೇವರಮನೆಯಿದ್ದಲ್ಲಿ ಒಂದು. ಫುಟ್‌ಪಾತಿನ ಅಂಚಿನಲ್ಲಿ, ಹೊಸ ಗೇಟು ಬರಬೇಕಾದ ಕಡೆಗೆ ಸರಿಯಾಗಿ ಒಂದು ಹೊಂಗೆ ಮರವಿದೆ. ಕಳೆದ ವಾರ ಅದರ ಬುಡದ ಸುತ್ತ ಯಾರೋ ತೊಗಟೆ ಕೆತ್ತಿದ್ದಾರೆ. ಮರ ಒಣಗಿದೆ, ಬೀಳುವ ಭಯವಿದೆ ಎಂದು ಅರ್ಜಿ ಬರುವುದು ಇನ್ನು ಕೆಲವು ತಿಂಗಳ ಮಾತು. ಆ ಅರ್ಜಿ ಯಾರ ಮೇಜಿಗೆ ಬರುತ್ತದೋ ಆ ಅರಣ್ಯ ವಿಭಾಗದ ಅಧಿಕಾರಿಗಳು ಸಹಿ ಹಾಕುವ ಮೊದಲು ಒಂದು ಸಲ ಬಂದು ನೋಡಬೇಕು. ಗೇಟನ್ನು ಎಡಕ್ಕೆ ಆರಡಿ ಸರಿಸಿದರೆ ಸಾಕು. ನಾನು ಟೇಪು ಹಿಡಿದು ಅಳೆದಿದ್ದೇನೆ.